ಹದಿನಾರನೆಯ ದಿನದ ಲೆಕ್ಕ

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಿತು. ಬಡವ ಬಲ್ಲಿದನೆಂಬ ಭೇದವಿಲ್ಲ, ಆಧಾರ್‌ನಲ್ಲಿರುವ ವಯಸ್ಸೇ ಅರ್ಹತೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಒಳ್ಳೆಯದೇ. ಆದರೆ ನಿಯಮದಲ್ಲಿ ಒಂದು ಸಾಲಿದೆ: ದಾಖಲಾಗುವುದಕ್ಕೆ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನ, ಅಷ್ಟರ ಖರ್ಚು ಮಾತ್ರ. ಲಕ್ವ ಹೊಡೆದವರ, ಸೊಂಟದ ಮೂಳೆ ಮುರಿದವರ ಮನೆಯಲ್ಲಿ ನಿಜವಾದ ಕೆಲಸ ಶುರುವಾಗುವುದೇ ಹದಿನಾರನೆಯ ದಿನದಿಂದ. ಮರೆಗುಳಿತನ ಹಿಡಿದವರು ಅದಕ್ಕಾಗಿ ಆಸ್ಪತ್ರೆಯಲ್ಲಿ ಮಲಗುವುದೇ ಅಪರೂಪ. ಅವರ ಪಾಲಿಗೆ ಆ 15 ದಿನವೂ ಇಲ್ಲ. ವೃದ್ಧರ ಆರೋಗ್ಯಕ್ಕೆಂದು ತೆಗೆದಿಟ್ಟ ಸಾರ್ವಜನಿಕ ಹಣ ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಬಾರದು, ಒಂದು ಪಾಲು ಮನೆಯ ಆರೈಕೆಗೂ ಬರಬೇಕು ಎಂಬುದು ನನ್ನ ವಾದ.

ಈ ಮಾತನ್ನು ಒರೆಗೆ ಹಚ್ಚಲು ಪುಣೆಗಿಂತ ತಕ್ಕ ಊರು ಬೇಡ. ಹಳಬರಿಗೆ ಅದು ಪಿಂಚಣಿದಾರರ ಊರು, ಹೊಸಬರಿಗೆ ಹಿಂಜವಡಿಯ ಸಾಫ್ಟ್‌ವೇರ್ ಊರು; ಎರಡೂ ಊರುಗಳು ಒಂದೇ ಫ್ಲ್ಯಾಟಿನಲ್ಲಿ ವಾಸವಾಗಿರುವುದೂ ಉಂಟು. ಹೋಟೆಲಿಗೆಂದು ಕರಾವಳಿಯಿಂದ, ದುಡಿಮೆಗೆಂದು ಕಲಬುರಗಿ ವಿಜಯಪುರಗಳಿಂದ ಹೋದ ಕನ್ನಡಿಗರ ಒಂದು ತಲೆಮಾರು ಅಲ್ಲೇ ಮುಪ್ಪಾಗಿದೆ. ಅವರಲ್ಲಿ ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಲ್ಲಿ ಹುಣ್ಣು ಏಳುತ್ತದೆ. ಹಾಗೆ ತಿರುಗಿಸುವಾಗ ಕೈ ಹಿಡಿದು ಎಳೆಯಬಾರದು. ಮೈ ಕೆಳಗೆ ಮಡಚಿದ ಚಾದರ ಹಾಸಿ, ಇಬ್ಬರು ಎರಡೂ ಬದಿಯಿಂದ ಅದನ್ನು ಹಿಡಿದು ಸರಿಸಬೇಕು. ಕಲಿಯಲು ಅರ್ಧ ತಾಸು ಸಾಕು, ಆದರೆ ಮಾತ್ರೆಗಳ ಪಟ್ಟಿಯಿರುವ ಡಿಸ್ಚಾರ್ಜ್ ಕಾಗದದಲ್ಲಿ ಈ ಪಾಠಕ್ಕೆ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಆಮೇಲೆ ಆರೈಕೆಗೆ ಜನ ಒದಗಿಸುವ ಬ್ಯೂರೋಗೆ ಫೋನು ಮಾಡಿ ‘ಮಾವಶಿ’ಯನ್ನು, ಅಂದರೆ ಮನೆಗೆ ಬಂದು ನೋಡಿಕೊಳ್ಳುವ ಹೆಂಗಸನ್ನು, ಕರೆಸುತ್ತಾರೆ. ಮರೆವಿನ ರೋಗದಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಮಂಚದ ಮೇಲಿನ ಅಜ್ಜಿ ‘ನೀರು’ ಎನ್ನುತ್ತಾರೆ, ‘ಪಾಣಿ’ಯನ್ನಷ್ಟೇ ಬಲ್ಲ ಮಾವಶಿ ದಿಂಬು ಸರಿಮಾಡುತ್ತಾಳೆ.

ಮಾವಶಿಯನ್ನು ಇಟ್ಟುಕೊಳ್ಳಲಾಗದ ಮನೆಯಲ್ಲಿ ಆ ಕೆಲಸ ಸೊಸೆಗೋ ಮಗಳಿಗೋ ಬೀಳುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ 21.4, ಅದೂ 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ, ನಿಜ. ಆದರೆ ಮಗು ಬೆಳೆದಂತೆ ಕೆಲಸ ಇಳಿಯುತ್ತದೆ, ಮುಪ್ಪಿನ ಆರೈಕೆ ದಿನ ಕಳೆದಂತೆ ಏರುತ್ತದೆ.

ಹೆತ್ತವರ ಸೇವೆ ಮಕ್ಕಳ ಧರ್ಮ, ಅದಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಎನ್ನುವವರಿದ್ದಾರೆ. ಧರ್ಮದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಆ ಧರ್ಮವನ್ನೇ ಕಾನೂನು ಮಾಡಿ, ಕೈಬಿಟ್ಟ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ಕೈಬಿಡದೆ ನೋಡಿಕೊಳ್ಳುತ್ತಿರುವ ಮಕ್ಕಳ ಹೆಗಲಿಗೆ ಏನು ಆಸರೆ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಹುಡುಕಬೇಡಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆ ಸೇವಾವಧಿಯಲ್ಲಿ 730 ದಿನ ರಜೆಯುಂಟು. ತಾಯಿಗೆ ಲಕ್ವ ಹೊಡೆದರೆ ಸ್ವಂತದ ಗಳಿಕೆ ರಜೆಯನ್ನೇ ಕಳೆದುಕೊಳ್ಳಬೇಕು.

ಹಣವೆಲ್ಲಿದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೇ ಪ್ರತ್ಯೇಕ ವಿಮೆ ತಂದು, 40 ದಾಟಿದವರಿಂದ ಕಂತು ವಸೂಲು ಮಾಡುತ್ತಿದೆ; ನಮಗೆ ಸದ್ಯಕ್ಕೆ ಅದು ದುಬಾರಿ. ಆದರೆ ಕೇರಳವನ್ನು ನೋಡಿ: 2008ರ ಉಪಶಮನ ಆರೈಕೆ ನೀತಿಯಡಿ ಸ್ಥಳೀಯ ಸಂಸ್ಥೆಗಳ ಮೂಲಕವೇ ನರ್ಸುಗಳು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಪುಣೆಯ ಬಡಾವಣೆಗಳಲ್ಲಿ ಹಿರಿಯರಿಗೆಂದು ‘ವಿರಂಗುಳಾ ಕೇಂದ್ರ’ಗಳು ಈಗಾಗಲೇ ಇವೆ. ವಿರಂಗುಳಾ ಎಂದರೆ ಹೊತ್ತು ಕಳೆಯುವುದು. ಪತ್ರಿಕೆ, ಹರಟೆ, ಭಜನೆ. ನಡೆದು ಬರಬಲ್ಲವರಿಗಷ್ಟೇ ಆ ಭಾಗ್ಯ. ಅಂಥ ಕೆಲವು ಕಟ್ಟಡಗಳಿಗೆ ಇಳಿಜಾರು, ಹಿಡಿಕೆಯಿರುವ ಶೌಚಾಲಯ, ತರಬೇತಾದ ಇಬ್ಬರು ಮಾವಶಿಯರು, ವಾರಕ್ಕೆರಡು ಸಲ ಫಿಸಿಯೋಥೆರಪಿ ಸೇರಿಸಿದರೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಡೇ ಕೇರ್ ಸಿದ್ಧ. ಸೊಸೆ ನೌಕರಿ ಬಿಡಬೇಕಿಲ್ಲ. ದುಡ್ಡು ಸೋರಿಹೋಗುತ್ತದೆಂಬ ಭಯಕ್ಕೂ ಇದೇ ಉತ್ತರ: ಕೊಡಬೇಕಾದದ್ದು ಸೇವೆ, ನಗದಲ್ಲ. ಅಷ್ಟಕ್ಕೂ ಆಯುಷ್ಮಾನ್‌ನಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಅಂಟಿಕೊಂಡಿದ್ದನ್ನು 2023ರಲ್ಲಿ ಸಿಎಜಿ ಹೊರಗೆಳೆದಾಗ ಯೋಜನೆಯನ್ನೇ ಮುಚ್ಚಿ ಎಂದು ಸರ್ಕಾರ ಹೇಳಲಿಲ್ಲವಲ್ಲ.

ಮಾವಶಿಯರ ವಿಷಯದಲ್ಲಿ ಮಾತ್ರ ತಡಮಾಡುವಂತಿಲ್ಲ. ಹನ್ನೆರಡು ತಾಸಿನ ಪಾಳಿ, ಬ್ಯೂರೋಗೊಂದು ಕಮಿಷನ್, ತರಬೇತಿಯ ಖಾತ್ರಿಯಿಲ್ಲ. ಪಾಲಿಕೆ ಅವರ ಹೆಸರು ನೋಂದಾಯಿಸಿಕೊಂಡು ಮೂರು ತಿಂಗಳ ಪಾಠ ಹೇಳಿಸಲಿ. ಆ ಪಾಠದಲ್ಲಿ ಚಾದರ ಎಳೆಯುವ ವಿಧಾನದ ಜೊತೆ ‘ನೀರು’, ‘ನೋವು’, ‘ಸಾಕು’ ಎಂಬ ಮೂರು ಕನ್ನಡ ಮಾತುಗಳಿಗೂ ಜಾಗವಿರಲಿ.