ಕೆಡಹುವ ಮುನ್ನ ಒಮ್ಮೆ ಯೋಚಿಸೋಣ

ಊರಿನಿಂದ ಬಂದ ನೆಂಟರನ್ನು ಬೆಂಗಳೂರಿನ ಕಪಾಲಿ ಚಿತ್ರಮಂದಿರಕ್ಕೆ ಕರೆದೊಯ್ದ ನೆನಪು ನಮ್ಮಲ್ಲಿ ಅನೇಕರಿಗುಂಟು. 1968ರಲ್ಲಿ ಆರಂಭವಾದ ಆ ವಿಶಾಲ ಮಂದಿರ 2017ರಲ್ಲಿ ಪ್ರದರ್ಶನ ನಿಲ್ಲಿಸಿ, ಬಳಿಕ ನೆಲಸಮವಾಯಿತು. 1974ರ ಕಾವೇರಿ ಚಿತ್ರಮಂದಿರವೂ ಐವತ್ತು ವರ್ಷ ತುಂಬಿದ 2024ರಲ್ಲಿ ಬಾಗಿಲು ಮುಚ್ಚಿತು.

ಪ್ರೇಕ್ಷಕರಿಲ್ಲದ ಮಂದಿರವನ್ನು ನಷ್ಟದಲ್ಲಿ ನಡೆಸಿರೆಂದು ಮಾಲೀಕರನ್ನು ಒತ್ತಾಯಿಸುವುದು ನ್ಯಾಯವಲ್ಲ. ಆದರೆ ಕೆಡಹುವುದೊಂದೇ ದಾರಿಯೇ? ಇಟ್ಟಿಗೆ ಸುಡಲು, ಸಿಮೆಂಟು ಮತ್ತು ಉಕ್ಕು ತಯಾರಿಸಲು ಅಪಾರ ಇಂಧನ ವ್ಯಯವಾಗಿರುತ್ತದೆ. ಕೆಡಹಿದೊಡನೆ ಅದೆಲ್ಲವೂ ವ್ಯರ್ಥ; ಹೊಸ ಕಟ್ಟಡಕ್ಕೆ ಮತ್ತೆ ಇಂಧನ ಸುಡಬೇಕು.

ಇಂಥ ಕಟ್ಟಡದಲ್ಲಿ ವಾಸದ ಮನೆಗಳನ್ನು ಮಾಡುವುದು ಸುಲಭವಲ್ಲ, ನಿಜ. ನೆಲ ಇಳಿಜಾರು, ಗೋಡೆಗಳಿಗೆ ಕಿಟಕಿಯಿಲ್ಲ. ಆದರೆ ಛಾವಣಿಯ ನಡುಭಾಗವನ್ನು ತೆರೆದು ಅಂಗಳ ಮಾಡಿದರೆ, ನಮ್ಮ ತೊಟ್ಟಿಮನೆಗಳಲ್ಲಿರುವಂತೆ ಸುತ್ತಲ ಮನೆಗಳಿಗೆ ಗಾಳಿ ಬೆಳಕು ದೊರೆಯುತ್ತದೆ. ಹಗಲಿನ ವಿದ್ಯುತ್ ಖರ್ಚು ತಗ್ಗುತ್ತದೆ. ದಪ್ಪ ಗೋಡೆಗಳು ಬಿಸಿಲಿನ ಝಳವನ್ನು ತಡೆಯುತ್ತವೆ. ಉಳಿದ ಛಾವಣಿಯ ಮೇಲೆ ಸೌರಫಲಕಗಳನ್ನಿಟ್ಟು ಮಳೆನೀರನ್ನೂ ಸಂಗ್ರಹಿಸಬಹುದು. ರಸ್ತೆಯ ಬದಿಗೆ ಅಂಗಡಿಗಳಿದ್ದರೆ ಮಾಲೀಕರಿಗೆ ಬಾಡಿಗೆಯೂ ಬರುತ್ತದೆ.

ಹಳೆಯ ಮಂದಿರವೂ ಹೊಸ ಮನೆಗಳೂ ಒಟ್ಟಿಗೆ ಬಾಳಬಲ್ಲವು. ಇಂಗ್ಲೆಂಡಿನ ಬರ್ಕಮ್‌ಸ್ಟೆಡ್ ಪಟ್ಟಣದಲ್ಲಿ 1938ರಲ್ಲಿ ಕಟ್ಟಿದ ರೆಕ್ಸ್ ಚಿತ್ರಮಂದಿರ 1988ರಲ್ಲಿ ಮುಚ್ಚಿತ್ತು. ಅದೇ ನಿವೇಶನದಲ್ಲಿ ವಾಸದ ಮನೆಗಳು ಎದ್ದವು; 2004ರಲ್ಲಿ ಚಿತ್ರಮಂದಿರವೂ ಮತ್ತೆ ತೆರೆಯಿತು.

ಹಿರಿಯರು ಕಟ್ಟಿದ ಮನೆಯನ್ನು ರಿಪೇರಿ ಮಾಡಿ ಬಾಳುವುದು ನಮಗೆ ಹೊಸತಲ್ಲ. ನಮ್ಮ ಊರುಗಳಲ್ಲಿ ಬೀಗ ಬಿದ್ದಿರುವ ಚಿತ್ರಮಂದಿರಗಳ ಒಡೆಯರು ಕೆಡಹುವ ಮುನ್ನ ಒಮ್ಮೆ ಬಲ್ಲ ಇಂಜಿನಿಯರರಿಂದ ಕಟ್ಟಡದ ಬಲವನ್ನು ಪರೀಕ್ಷಿಸಿ ನೋಡಲೆಂಬುದು ನಮ್ಮ ವಿನಂತಿ.