ಕಪ್ಪಾದದ್ದು ಮಸಿಯೋ, ಬಣ್ಣವೋ?

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಶಾಲೆಗಳಿಂದ ಹಂಪಿಗೆ ಪ್ರವಾಸ ಹೋಗುವ ಮಕ್ಕಳು ವಿರೂಪಾಕ್ಷನ ಗುಡಿಯಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ರಂಗಮಂಟಪದ ಛಾವಣಿಯಲ್ಲಿ ಪಲ್ಲಕ್ಕಿ ಏರಿದ ವಿದ್ಯಾರಣ್ಯರಿದ್ದಾರೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ, ಬಾಣ ಹೂಡಿದ ಮನ್ಮಥನಿದ್ದಾನೆ. ಮಂಟಪ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ್ದು. ಚಿತ್ರಗಳು ಅದೇ ಕಾಲದವೋ, ಆಮೇಲಿನವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಂಥ ಹಳೆಯ ಚಿತ್ರಗಳಲ್ಲಿ ಕಪ್ಪು ಕವಿದ ಜಾಗ ಕಂಡರೆ, "ದೀಪದ ಮಸಿ, ಒರೆಸಿದರೆ ಹೋದೀತು" ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅಪಾಯವಿರುವುದು ಆ ಮಾತಿನಲ್ಲೇ.

ಕೆಮ್ಮಣ್ಣಿನ ಕೆಂಪು ಯಾಕೆ ಮಾಸುವುದಿಲ್ಲ ಎಂದು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ. ಸಂಡೂರಿನ ಗುಡ್ಡಗಳಲ್ಲಿರುವ, ಅದಿರು ಲಾರಿ ಹೋದ ದಾರಿಯ ಗಿಡಗಳಿಗೆಲ್ಲ ಮೆತ್ತಿಕೊಳ್ಳುವ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡೇ ಆ ಬಣ್ಣ. ಆಮ್ಲಜನಕದ ಜೊತೆ ಆಗಲೇ ಕೂಡಿಯಾಗಿರುವುದರಿಂದ ಅದು ಸುಲಭಕ್ಕೆ ಬದಲಾಗದು. ಆದರೆ ಹಿಂದಿನ ಚಿತ್ರಗಾರರು ಬೇರೆ ಬಣ್ಣಗಳನ್ನೂ ಬಳಸುತ್ತಿದ್ದರು. ಬಿಳಿಗೆ ಸಫೇದ, ಕಿತ್ತಳೆಗೆಂಪಿಗೆ ಸಿಂಧೂರ. ಎರಡೂ ಸೀಸದ ಸಂಯುಕ್ತಗಳು. ಹೊಳೆಯುವ ಕೆಂಪಿಗೆ ಪಾದರಸ ಮತ್ತು ಗಂಧಕ ಸೇರಿದ ಇಂಗಲಿಕ. ನೋಡಲು ಚೆಂದ, ಬಾಳಿಕೆ ಮಾತ್ರ ನಂಬುವಂತಿಲ್ಲ.

ಮನೆಯಲ್ಲಿಟ್ಟ ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವುದು ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳಿಂದ. ಆ ಅನಿಲ ಸಫೇದಕ್ಕೆ ತಗುಲಿದರೆ ಅದೂ ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ತೇವ, ಬೆಳಕು ಸೇರಿದರೆ ಸಿಂಧೂರವು ಸೀಸದ ಡೈಆಕ್ಸೈಡ್ ಆಗಿ ಕಂದುಗಪ್ಪಿಗೆ ತಿರುಗಬಹುದು. ಬೆಳಕು ಮತ್ತು ಕ್ಲೋರಿನ್ ಲವಣ ಇದ್ದಲ್ಲಿ ಇಂಗಲಿಕವೂ ಮಂಕಾಗುತ್ತದೆ. ಇಟಲಿಯ ಅಸಿಸಿ ಪಟ್ಟಣದ ಚರ್ಚಿನಲ್ಲಿ ಚಿಮಬುಯೆ ಎಂಬ ಕಲಾವಿದ 13ನೇ ಶತಮಾನದ ಕೊನೆಯಲ್ಲಿ ಬರೆದ ಭಿತ್ತಿಚಿತ್ರಗಳ ಬಿಳುಪೆಲ್ಲ ಹೀಗೆ ಕಪ್ಪಾಗಿ, ಇಂದು ಅವು ಫೋಟೋದ ನೆಗೆಟಿವ್‌ನಂತೆ ಕಾಣುತ್ತವೆ. ಅಲ್ಲಿ ಕಪ್ಪಾಗಿರುವುದು ಚಿತ್ರದ ಮೇಲಿನ ಕೊಳೆಯಲ್ಲ, ಚಿತ್ರವೇ. ಅದನ್ನು ತಿಕ್ಕಿ ತೆಗೆದರೆ ಗಾರೆಯಷ್ಟೇ ಉಳಿದೀತು.

ಹಾಗಾಗಿ ಬಟ್ಟೆ ಹಿಡಿಯುವ ಮುಂಚೆ ಪರೀಕ್ಷೆ ನಡೆಯಬೇಕು. ನಮ್ಮಲ್ಲಿ ಇದು ಹೊಸದೇನಲ್ಲ. ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ 1930ರ ದಶಕದಲ್ಲೇ ಮದ್ರಾಸ್ ವಸ್ತುಸಂಗ್ರಹಾಲಯದ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್ ತಂಜಾವೂರಿನ ಬೃಹದೀಶ್ವರ ದೇವಾಲಯದ ಭಿತ್ತಿಚಿತ್ರಗಳ ಗಾರೆ, ಬಣ್ಣಗಳನ್ನು ಪರೀಕ್ಷಿಸಿದ್ದರು. ಇಂದು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣವನ್ನು ಗೋಡೆಯ ಬಳಿ ಒಯ್ದರೆ ಸಾಕು, ಅಲ್ಲಿ ಸೀಸವಿದೆಯೋ, ಕಬ್ಬಿಣವಿದೆಯೋ, ಪಾದರಸವಿದೆಯೋ ತಿಳಿಯುತ್ತದೆ. ಆದರೆ ಬಿಳಿ ಸಫೇದದಲ್ಲೂ ಸೀಸವೇ, ಕಪ್ಪು ಡೈಆಕ್ಸೈಡ್‌ನಲ್ಲೂ ಸೀಸವೇ. ಯಾವ ಸಂಯುಕ್ತ ಎಂದು ತಿಳಿಯಲು ಲೇಸರ್ ಬೆಳಕು ಬೀರಿ, ಚದುರಿ ಬರುವ ಬೆಳಕನ್ನು ಅಳೆಯಬೇಕು. ಇದು ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ. ಇಲ್ಲೂ ಎಚ್ಚರ ಬೇಕು. ಲೇಸರ್ ಜೋರಾದರೆ ಅದರ ಶಾಖಕ್ಕೆ ಡೈಆಕ್ಸೈಡ್ ಮತ್ತೆ ಸಿಂಧೂರವಾಗಿ, ಪರೀಕ್ಷೆಯೇ ಸುಳ್ಳು ಉತ್ತರ ಕೊಟ್ಟೀತು!

ಅನುಮಾನ ಉಳಿದರೆ ಗುಂಡುಸೂಜಿಯ ತಲೆಗಿಂತ ಚಿಕ್ಕ ಚೂರೊಂದನ್ನು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಮಸಿಯಾದರೆ ಬಣ್ಣದ ಮೇಲೆ ಬೇರೆಯೇ ಪದರವಾಗಿ ಕೂತಿರುತ್ತದೆ. ಅದನ್ನು ನಾಜೂಕಾಗಿ ತೆಗೆಯಬಹುದು. ಬಣ್ಣದ ಪದರವೇ ಕಪ್ಪಾಗಿದ್ದರೆ ಕೈ ಕಟ್ಟಿದಂತೆ. ಸಲ್ಫೈಡ್ ಆಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಸೋಕಿಸಿ ಬಿಳಿಯ ಸಲ್ಫೇಟ್ ಆಗಿಸಲು ಸಾಧ್ಯವಿದೆ. ಅದು ಚಿತ್ರಗಾರ ಹಚ್ಚಿದ ಸಫೇದವಲ್ಲ. ಎಷ್ಟೋ ಸಲ ತಜ್ಞರು ಅಷ್ಟಕ್ಕೂ ಹೋಗದೆ ಕಪ್ಪನ್ನು ಹಾಗೆಯೇ ಬಿಡುತ್ತಾರೆ.