ನೀರಿನಡಿಯ ನೆಂಟರು



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ತೆಗೆದಿಟ್ಟೆ. ಬರೆದವರು ಪುತ್ತೂರು ಕಡೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಯಜಮಾನರು ನೌಕಾಪಡೆಯ ಸಬ್‌ಮೆರಿನ್‌ನಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಮಾತು ಬಹಳ ಕಡಮೆ. "ಊಟ ಆಯ್ತಾ, ಕರೆಂಟ್ ಬಿಲ್ ಬಂತಾ, ಇಷ್ಟೇ ನಮ್ಮ ಸಂಭಾಷಣೆ" ಎಂದು ಬರೆದಿದ್ದಾರೆ. ಆದರೆ ಡಿಸೆಂಬರ್ ಬಂತೆಂದರೆ ಮಂಗಳೂರಿಗೆ ಹೊರಟೇ ಬಿಡುತ್ತಾರಂತೆ, ಹಳೇ ಜೊತೆಗಾರರನ್ನು ಕಾಣಲು. ಅವರೊಡನೆ ಫೋನಿನಲ್ಲಿ ನಕ್ಕಷ್ಟು ಈಕೆಯೊಡನೆ ಮೂವತ್ತು ವರ್ಷದಲ್ಲಿ ನಕ್ಕಿಲ್ಲವಂತೆ. ಖರ್ಚು ಬೇರೆ. ತಡೆಯಲೇ, ಬಿಡಲೇ ಎಂಬುದು ಪ್ರಶ್ನೆ.

ಉತ್ತರ ಬರೆಯುವ ಮೊದಲು ಉರ್ವದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ ಬಂದೆ. ನಮ್ಮ ಭಾವನೂ ಅದೇ ಕಸುಬಿನವರು ನೋಡಿ. ಅಕ್ಕ ಕಾಗದ ಓದಿ, "ಇದು ನಾನೇ ಬರೆದ ಹಾಗೆ ಉಂಟಲ್ಲ ಮಾರಾಯ್ತಿ" ಅಂದಳು.

ಡಿಸೆಂಬರ್ 8 ಈ ಜನರಿಗೆ ಹಬ್ಬ. 1967ರಲ್ಲಿ ಆ ದಿನ, ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ, ನಮ್ಮ ನೌಕಾಪಡೆಯ ಮೊದಲನೇ ಜಲಾಂತರ್ಗಾಮಿ 'ಕಲ್ವರಿ' ಸೇವೆಗೆ ಸೇರಿತು. ಅದರ ಬೆನ್ನಿಗೆ ಖಂಡೇರಿ, ಕರಂಜ್, ಕುರ್ಸುರಾ ಬಂದವು. ಭಾವ ಸೇರಿದ್ದು ಎಂಬತ್ತರ ದಶಕದಲ್ಲಿ. ವಿಶಾಖಪಟ್ಟಣದಲ್ಲಿ ಮನೆ. ಹಡಗು ಹೊರಟರೆ ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಹೆಂಡತಿಗೂ ಹೇಳುವ ಹಾಗಿಲ್ಲ. ಬರುವಾಗ ಬಂದರು, ಅಷ್ಟೆ. ಬಂದವರ ಬಟ್ಟೆಯಲ್ಲಿ ಡೀಸೆಲ್ ವಾಸನೆ. ಅಕ್ಕ ಮೂರು ನೀರಿನಲ್ಲಿ ಒಗೆದರೂ ಹೋಗುತ್ತಿರಲಿಲ್ಲ. ಬೆಳಗ್ಗೆ ಸಂಜೆ ಹಂಡೆ ಬಿಸಿನೀರು ಮೀಯುವ ನಮ್ಮ ಊರಿನ ಗಂಡಸು ವಾರಗಟ್ಟಲೆ ಸ್ನಾನವಿಲ್ಲದೆ ಹೇಗಿದ್ದರೋ! ಸುತ್ತ ಸಮುದ್ರವೇ ಇದ್ದರೂ ಒಳಗಿನ ಸಿಹಿನೀರು ಕುಡಿಯುವುದಕ್ಕೆ, ಅಡಿಗೆಗೆ ಮಾತ್ರ.

ಇದೆಲ್ಲ ಅಕ್ಕನಿಗೆ ಅರ್ಥವಾದದ್ದು ಭಾವ ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ. ಕುರ್ಸುರಾ 2001ರಲ್ಲಿ ಸೇವೆ ಮುಗಿಸಿತು. ಅದನ್ನು ವಿಶಾಖಪಟ್ಟಣದ ಕಡಲ ದಂಡೆಗೆ ಎಳೆದು ತಂದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಮುನ್ನೂರು ಅಡಿ ಉದ್ದದ ಕಬ್ಬಿಣದ ಕೊಳವೆ. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡಗಿನ ಬಾಗಿಲು. ಅಕ್ಕ ಸೀರೆ ಎತ್ತಿ ಕಟ್ಟಿ, ತಲೆ ಬಗ್ಗಿಸಿ, ಕಾಲು ಎತ್ತಿ ದಾಟಿದಳಂತೆ. ಎಪ್ಪತ್ತೈದು ಮಂದಿಯ ಅಡಿಗೆಮನೆ ಕಂಡು ನಿಂತೇ ಬಿಟ್ಟಳು. "ನಮ್ಮ ದೇವರಕೋಣೆಯಷ್ಟೂ ಇಲ್ಲ ಮಾರಾಯ್ತಿ. ನಾನು ಇಷ್ಟು ದೊಡ್ಡ ಅಡಿಗೆಮನೆ ಇಟ್ಟುಕೊಂಡು ಗೊಣಗುತ್ತಿದ್ದೆನಲ್ಲ!"

ಮಲಗುವ ಹಲಗೆಗಳು ಜನರಿಗಿಂತ ಕಡಮೆ. ಒಬ್ಬ ಪಾಳಿಗೆ ಎದ್ದರೆ ಅವನ ಬಿಸಿ ಆರುವ ಮೊದಲೇ ಇನ್ನೊಬ್ಬ ಅಲ್ಲಿಗೆ. ಯಾರ ಗೊರಕೆ ಹೇಗೆ, ಯಾರ ತಾಯಿಗೆ ಕಾಯಿಲೆ, ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಎಲ್ಲರಿಗೂ ಎಲ್ಲವೂ ಗೊತ್ತು. ಇನ್ನೊಂದು ಸಂಗತಿ ಕೇಳಿ. ಹೊಸದಾಗಿ ಬಂದವರಿಗೆ ಎರಡು ಡಾಲ್ಫಿನ್‌ಗಳಿರುವ ಎದೆಬಿಲ್ಲೆ ಸುಮ್ಮನೆ ಸಿಗುವುದಿಲ್ಲ. ಹಡಗಿನ ಕೊಳವೆ, ಕವಾಟ, ಬ್ಯಾಟರಿ ಎಲ್ಲವನ್ನೂ ಕಲಿತು ಪರೀಕ್ಷೆ ಕೊಡಬೇಕು. ಅಡಿಗೆ ಮಾಡುವವನಿಗೂ ವಿನಾಯಿತಿ ಇಲ್ಲ. ನೀರು ನುಗ್ಗಿದರೆ ಹತ್ತಿರ ಇದ್ದವನೇ ಮುಚ್ಚಬೇಕು. ಅವನು ತಪ್ಪಿದರೆ ಎಲ್ಲರೂ ಹೋದರು. ಹಾಗೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿಟ್ಟು ಬದುಕಿದವರು ಇವರು.

ಅಂದು ಒಳಗೆ ತೋರಿಸಿ ವಿವರಿಸುತ್ತಿದ್ದವರೂ ನಿವೃತ್ತ ನೌಕಾಪಡೆಯವರೇ. ಭಾವನ ಬಾಯಿಂದ ಎರಡು ಮಾತು ಬಿತ್ತೋ ಇಲ್ಲವೋ, ಆತ ಗುರುತು ಹಿಡಿದು, ಮಿಕ್ಕ ಪ್ರವಾಸಿಗಳನ್ನು ಮುಂದೆ ಕಳಿಸಿ, ಒಂದು ಗಂಟೆ ಹರಟೆ. ಅಕ್ಕ ಹೊರಗೆ ಬಂದು ಕಡಲೆಕಾಯಿ ತಿನ್ನುತ್ತಾ ಕೂತಳು. ಅಂಥ ನಗು ತಾನು ಮದುವೆಯ ಸಮಯದಲ್ಲೂ ಕಂಡಿರಲಿಲ್ಲ ಅಂದಳು.

ಆದರೆ ಅಕ್ಕನಿಗೂ ಸಿಟ್ಟು ಬಂದ ದಿನವೊಂದುಂಟು. 2013ರ ಆಗಸ್ಟ್ 14. ಆಟಿ ಮುಗಿಯುತ್ತಾ ಬಂದಿತ್ತು. ಮುಂಬಯಿಯ ನೌಕಾನೆಲೆಯಲ್ಲಿ ನಿಂತಿದ್ದ 'ಸಿಂಧುರಕ್ಷಕ್' ನಡುರಾತ್ರಿ ಸ್ಫೋಟಗೊಂಡು ಅಲ್ಲೇ ಮುಳುಗಿತು. ಒಳಗಿದ್ದ 18 ಮಂದಿ ಸತ್ತರು. ಭಾವನಿಗೆ ಅವರಲ್ಲಿ ಯಾರ ಪರಿಚಯವೂ ಇರಲಿಲ್ಲ, ಎಲ್ಲ ಅವರ ನಂತರದ ಹುಡುಗರು. ಆದರೂ ದಿನವಿಡೀ ಟೀವಿ ಮುಂದೆ ಕೂತರು. ಬಡಿಸಿದ ಗಂಜಿ ಆರಿ ಗಟ್ಟಿಯಾಯಿತು. ಒಬ್ಬೊಬ್ಬರೇ ಜೊತೆಗಾರರ ಫೋನು. ಫೋನು ಕಿವಿಗಿಟ್ಟುಕೊಂಡು ಇತ್ತಲಿನವರೂ ಸುಮ್ಮನೆ, ಅತ್ತಲಿನವರೂ ಸುಮ್ಮನೆ. "ನನ್ನ ಹತ್ತಿರ ಒಂದು ಮಾತು ಆಡಬಾರದಾ?" ಎಂದು ಅಕ್ಕ ಕೇಳಿಯೇಬಿಟ್ಟಳಂತೆ. "ನಿನಗೆ ಎಂತ ಹೇಳುವುದು? ಹೇಳಿದರೆ ಆಗ ನಾನು ಹೋಗುವಾಗಲೆಲ್ಲ ನೀನು ಹೆದರುತ್ತಿದ್ದೆ. ಹೇಳದೇ ಅಭ್ಯಾಸ ಆಗಿಹೋಯಿತು" ಅಂದರಂತೆ ಭಾವ.

ಪುತ್ತೂರಿನ ಸೋದರಿ, ನಿಮ್ಮ ಬೇಸರ ಸುಳ್ಳೆಂದು ನಾನು ಹೇಳುವುದಿಲ್ಲ. ಮೂವತ್ತು ವರ್ಷ ಮೌನಕ್ಕೆ ಬಡಿಸಿದವರು ನೀವು. ಗಂಡಸರೂ ಸ್ವಲ್ಪ ತಿದ್ದಿಕೊಳ್ಳಬೇಕು, ಇದನ್ನು ಅವರಿಗೂ ಓದಲು ಕೊಡಿ. ಆದರೆ ತಡೆಯಬೇಡಿ. ಈ ಡಿಸೆಂಬರಿನಲ್ಲಿ ಮಂಗಳೂರಿಗೆ ನೀವೂ ಹೊರಡಿ. ಆ ಗುಂಪಿನಲ್ಲಿ ನಿಮ್ಮಂಥ ಹೆಂಗಸರೂ ಇರುತ್ತಾರೆ. ಅಕ್ಕನಿಗೆ ಹೆರಿಗೆ ನೋವು ಬಂದಾಗ ಭಾವ ಸಮುದ್ರದಲ್ಲಿದ್ದರು. ಆಸ್ಪತ್ರೆಗೆ ಕರಕೊಂಡು ಹೋದದ್ದು ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಹೆಂಗಸು. ಇವತ್ತಿಗೂ ಓಣಂಗೆ ಅವಳ ಫೋನು ಬರುತ್ತದೆ.

ಖರ್ಚಿನ ಮಾತಿಗೂ ಬರುತ್ತೇನೆ. ಭಾವನ ಜೊತೆಗಾರರೊಬ್ಬರು ತೀರಿಕೊಂಡಾಗ ಅವರ ಹೆಂಡತಿಯ ಹೆಸರು ಸೇವಾ ದಾಖಲೆಯಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇತ್ತು. ಕುಟುಂಬ ಪಿಂಚಣಿ ನಿಂತುಹೋಯಿತು. ಆಕೆಗೆ ಬ್ಯಾಂಕಿನ ಮೆಟ್ಟಿಲು ಹತ್ತಿಯೂ ಗೊತ್ತಿರಲಿಲ್ಲ. ಅರ್ಜಿ ಬರೆದು, ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಇಲಾಖೆಗೆ ಅಲೆದು, ಮುಂಬಯಿಯ ದಾಖಲೆ ಕಚೇರಿಗೆ ಕಾಗದ ಹಾಕಿದ್ದು ಇದೇ ಡಿಸೆಂಬರ್ ಗುಂಪಿನ ನಾಲ್ಕು ಮಂದಿ. ಆದ್ದರಿಂದ ನೀವೂ ಯಜಮಾನರ ಪಿಂಚಣಿ ಆದೇಶದ ಪ್ರತಿ ಎಲ್ಲಿದೆ ಎಂದು ಕೇಳಿ, ನಿಮ್ಮ ಹೆಸರು, ಹುಟ್ಟಿದ ದಿನ ಸರಿ ಉಂಟಾ ನೋಡಿ. ಆ ನಾಲ್ಕು ಜನರ ಫೋನ್ ನಂಬರನ್ನು ನಿಮ್ಮ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಬನ್ಸ್ ಮಾಡಿ. ಚೆನ್ನಾಗಿ ಕಳಿತ ಎರಡು ಬಾಳೆಹಣ್ಣು ಕಿವುಚಿ, ಮೂರು ಚಮಚ ಸಕ್ಕರೆ, ಎರಡು ಚಮಚ ಮೊಸರು, ಚಿಟಿಕೆ ಸೋಡ, ಉಪ್ಪು, ಜೀರಿಗೆ ಹಾಕಿ, ಹಿಡಿಸಿದಷ್ಟು ಮೈದಾ ಕಲಸಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ದಪ್ಪಕ್ಕೆ ಲಟ್ಟಿಸಿ ಹದವಾದ ಉರಿಯಲ್ಲಿ ಕರಿಯಿರಿ. ಭಾವನ ಗುಂಪಿಗೆ ಅಕ್ಕ ಇದರ ನಾಲ್ಕರಷ್ಟು ಕಲಸುತ್ತಾಳೆ. ಆದರೂ ಕಡೆಗೆ ಅವಳಿಗೆ ಅಂತ ಒಂದೂ ಉಳಿಯುವುದಿಲ್ಲವಂತೆ.